ಫೈಲ್ ತಿದ್ದಿದರೂ ಹಳೇ ಉತ್ತರವೇ ಬರುತ್ತಿದೆ, ಯಾಕೆ?

ಪ್ರಶ್ನೆ: ಮೇಡಂ, ಬಿ.ಕಾಂ ಮುಗಿಸಿ ಆರು ತಿಂಗಳಿಂದ ಮನೆಯಲ್ಲೇ ಪೈಥಾನ್ ಕಲಿಯುತ್ತಿದ್ದೇನೆ. ಅಪ್ಪ ನಮ್ಮೂರ ಹಾಲಿನ ಡೇರಿಯ ಸೆಕ್ರೆಟರಿ. ಅವರ ಲೆಕ್ಕಕ್ಕೆ ಸಹಾಯ ಆಗಲಿ ಅಂತ 'ಹಾಲು' ಎಂಬ ಫೈಲ್ ಮಾಡಿ, ಅದರೊಳಗೆ 'ಬೆಲೆ' ಅನ್ನುವ ಫಂಕ್ಷನ್ ಬರೆದೆ. ಲೀಟರಿಗೆ 35 ರೂಪಾಯಿ ಅಂತ ಇಟ್ಟುಕೊಂಡೆ. 10 ಲೀಟರ್ ಕೊಟ್ಟರೆ 350 ಬರುತ್ತಿತ್ತು. ಆಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ ಸೇರಿಸಿ ಫೈಲ್ ಸೇವ್ ಮಾಡಿದೆ. ಶೆಲ್‌ನಲ್ಲಿ (ಒಂದೊಂದೇ ಸಾಲು ಹೊಡೆದು ಉತ್ತರ ನೋಡುವ ಪೈಥಾನ್ ಕಿಟಕಿಯಲ್ಲಿ) ಮತ್ತೆ ಇಂಪೋರ್ಟ್ ಮಾಡಿದರೂ, ಅಂದರೆ ಫೈಲನ್ನು ಒಳಗೆ ಕರೆಸಿಕೊಂಡರೂ, 350 ಅಂತಲೇ ಬರುತ್ತಿದೆ. 400 ಬರಬೇಕಲ್ವಾ? ಒಂದು ಹಳೇ ಪುಸ್ತಕದಲ್ಲಿ 'ರೀಲೋಡ್ ಮಾಡಿ' ಅಂತ ಇತ್ತು. ಮಾಡಿದರೆ ನೇಮ್‌ಎರರ್, ಅಂದರೆ ಈ ಹೆಸರು ಗೊತ್ತಿಲ್ಲ ಅನ್ನುವ ಎರರ್, ಬಂತು. ಫೈಲಿಗೆ ಕನ್ನಡದ ಹೆಸರಿಟ್ಟಿದ್ದೇ ತಪ್ಪು ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಪೈಕ್ಯಾಶ್ ಫೋಲ್ಡರ್ ಡಿಲೀಟ್ ಮಾಡು ಅಂತ ಇನ್ನೊಬ್ಬ. ಅದನ್ನೂ ಮಾಡಿದೆ, ಏನೂ ಆಗಲಿಲ್ಲ. ಈಗ ಪ್ರತಿ ಸಲ ಎಲ್ಲ ಮುಚ್ಚಿ ಮತ್ತೆ ತೆರೆಯುತ್ತಿದ್ದೇನೆ. ಸರಿಯಾದ ದಾರಿ ಯಾವುದು?

ಉತ್ತರ: ನೀವು ಈಗ ಮಾಡುತ್ತಿರುವುದೇ, ಅಂದರೆ ಮುಚ್ಚಿ ಮತ್ತೆ ತೆರೆಯುವುದೇ, ಬಹುಪಾಲು ಸರಿಯಾದ ದಾರಿ. ಅದನ್ನು ಇನ್ನೂ ಸುಲಭ ಮಾಡಿಕೊಳ್ಳಬಹುದು, ಅಷ್ಟೆ. ಆದರೆ 350 ಯಾಕೆ ಬರುತ್ತಿದೆ ಅನ್ನುವುದು ಗೊತ್ತಾಗದೆ ಹೀಗೆ ಮಾಡುತ್ತಿದ್ದರೆ ಮುಂದೆ ಬೇರೆ ಕಡೆ ಮುಗ್ಗರಿಸುತ್ತೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಂದು ಸಣ್ಣ ಸೂಚನೆ. ಇಂಪೋರ್ಟ್, ಫ್ರಮ್, ರೀಲೋಡ್ ಮುಂತಾದ ಪೈಥಾನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ನೀವು ಇಟ್ಟ ಹಾಲು, ಬೆಲೆ ಅನ್ನುವ ಹೆಸರುಗಳನ್ನು ಮಾತ್ರ ಇದ್ದ ಹಾಗೇ ಕನ್ನಡದಲ್ಲಿ ಹೊಡೆಯಿರಿ.

ನಿಮ್ಮಪ್ಪನ ಡೇರಿಯನ್ನೇ ತೆಗೆದುಕೊಳ್ಳೋಣ. ಒಕ್ಕೂಟದಿಂದ ದರದ ಸುತ್ತೋಲೆ ಬರುತ್ತದೆ. ಅದು ಡ್ರಾಯರಿನಲ್ಲಿರುತ್ತದೆ. ಅದನ್ನು ನೋಡಿ ಯಾರೋ ಗೋಡೆಯ ಬೋರ್ಡಿನ ಮೇಲೆ ದರ ಬರೆದಿರುತ್ತಾರೆ. ಬೆಳಗ್ಗೆ ಹಾಲು ಹಾಕಲು ಬಂದವರು ದರ ಎಷ್ಟು ಅಂತ ಕೇಳಿದರೆ ಯಾರೂ ಡ್ರಾಯರ್ ತೆಗೆಯುವುದಿಲ್ಲ, ಬೋರ್ಡು ನೋಡಿ ಹೇಳುತ್ತಾರೆ. ಡ್ರಾಯರಿಗೆ ಹೊಸ ಸುತ್ತೋಲೆ ಬಂದು ಬಿದ್ದ ಮಾತ್ರಕ್ಕೆ ಬೋರ್ಡು ಬದಲಾಗುವುದಿಲ್ಲ.

ಇಲ್ಲಿ ಡಿಸ್ಕಿನಲ್ಲಿರುವ ಫೈಲು ಸುತ್ತೋಲೆ, ಪೈಥಾನಿನ ಮೆಮೊರಿಯಲ್ಲಿರುವ ಮಾಡ್ಯೂಲು (ಇಂಪೋರ್ಟ್ ಆಗಿ ಒಳಗೆ ಬಂದ ಫೈಲಿನ ಪ್ರತಿ) ಬೋರ್ಡು. ನೀವು ಮೊದಲ ಸಲ ಇಂಪೋರ್ಟ್ ಹಾಲು ಅಂದಾಗ ಪೈಥಾನ್ ಫೈಲನ್ನು ಹುಡುಕಿ, ಮೇಲಿನಿಂದ ಕೆಳಗಿನವರೆಗೆ ಓಡಿಸಿ, ಸಿಕ್ಕಿದ್ದನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಯಾವ ಯಾವ ಮಾಡ್ಯೂಲು ಒಳಗೆ ಬಂದಿದೆ ಅನ್ನುವುದಕ್ಕೆ ಒಂದು ಪಟ್ಟಿಯೂ ಇದೆ. ಅದರ ಹೆಸರು ಸಿಸ್.ಮಾಡ್ಯೂಲ್ಸ್. ಎರಡನೇ ಸಲ ಇಂಪೋರ್ಟ್ ಅಂದಾಗ ಪೈಥಾನ್ ಮೊದಲು ಆ ಪಟ್ಟಿ ನೋಡುತ್ತದೆ. ಹೆಸರು ಅಲ್ಲಿದ್ದರೆ ಮುಗಿಯಿತು. ಫೈಲಿನ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ಹತ್ತು ಸಲ ಇಂಪೋರ್ಟ್ ಹೊಡೆದರೂ ಹತ್ತು ಸಲವೂ ಸಿಗುವುದು ಅದೇ ಹಳೇ ಬೋರ್ಡು.

ಇದು ಸೋಮಾರಿತನ ಅಲ್ಲ. ದೊಡ್ಡ ಪ್ರೋಗ್ರಾಮಿನಲ್ಲಿ ಒಂದೇ ಮಾಡ್ಯೂಲನ್ನು ನೂರಾರು ಫೈಲುಗಳು ಇಂಪೋರ್ಟ್ ಮಾಡಿರುತ್ತವೆ. ಪ್ರತಿ ಸಲ ಓಡಿಸಿದರೆ ನಿಧಾನ. ಅದಕ್ಕಿಂತ ಮುಖ್ಯವಾಗಿ, ಎಲ್ಲರ ಕೈಯಲ್ಲೂ ಒಂದೇ ಪ್ರತಿ ಇರಬೇಕು.

ನನ್ನ ಮಾತನ್ನು ನಂಬಿ ಸುಮ್ಮನಿರಬೇಡಿ, ನೀವೇ ನೋಡಿ. ಫೈಲಿನ ಮೊದಲ ಸಾಲಿನಲ್ಲಿ, ಯಾವ ಫಂಕ್ಷನ್ನಿನ ಒಳಗೂ ಅಲ್ಲದೆ, 'ಹಾಲು ಫೈಲು ಓಡಿತು' ಅಂತ ಪ್ರಿಂಟ್ ಆಗುವ ಸಾಲು ಹಾಕಿ. ಹೊಸ ಶೆಲ್ ತೆರೆದು ಇಂಪೋರ್ಟ್ ಮಾಡಿ. ಆ ಸಾಲು ಕಾಣುತ್ತದೆ. ಮತ್ತೆ ಇಂಪೋರ್ಟ್ ಮಾಡಿ. ಏನೂ ಕಾಣುವುದಿಲ್ಲ. ಕಲಿಯುವ ದಿನಗಳಲ್ಲಿ ಈ ಒಂದು ಪ್ರಿಂಟ್ ಸಾಲು ಬಹಳ ಕೆಲಸ ಮಾಡುತ್ತದೆ. ನಾನು ಈಗಲೂ ಅನುಮಾನ ಬಂದಾಗ ಹಾಕಿಕೊಳ್ಳುತ್ತೇನೆ.

ಪೈಕ್ಯಾಶ್ ಫೋಲ್ಡರಿಗೂ ಇದಕ್ಕೂ ಸಂಬಂಧ ಇಲ್ಲ. ಪೈಥಾನ್ ನಿಮ್ಮ ಕೋಡನ್ನು ತನಗೆ ಬೇಗ ಓದಲು ಆಗುವ ರೂಪಕ್ಕೆ ಬದಲಾಯಿಸಿ ಅಲ್ಲಿ ಇಟ್ಟುಕೊಳ್ಳುತ್ತದೆ. ಆ ಪ್ರತಿಯೊಳಗೇ ಮೂಲ ಫೈಲಿನ ಗಾತ್ರ ಮತ್ತು ಅದನ್ನು ಕೊನೆಗೆ ತಿದ್ದಿದ ಸಮಯ ಬರೆದಿರುತ್ತದೆ. ಮುಂದಿನ ಸಲ ಪೈಥಾನ್ ಶುರುವಾದಾಗ ಎರಡನ್ನೂ ಹೋಲಿಸಿ, ಒಂದು ಬೇರೆಯಾಗಿದ್ದರೂ ಹೊಸದಾಗಿ ಮಾಡಿಕೊಳ್ಳುತ್ತದೆ. ಡಿಲೀಟ್ ಮಾಡಿದ್ದರಿಂದ ನಷ್ಟ ಇಲ್ಲ, ಲಾಭವೂ ಇಲ್ಲ. ನಿಮ್ಮ 350 ಕೂತಿದ್ದು ಡಿಸ್ಕಿನಲ್ಲಿ ಅಲ್ಲ, ತೆರೆದೇ ಇದ್ದ ಆ ಶೆಲ್ಲಿನ ಮೆಮೊರಿಯಲ್ಲಿ.

ಈಗ ರೀಲೋಡ್ ವಿಚಾರ. ನಿಮ್ಮ ಪುಸ್ತಕದಲ್ಲಿ ಪ್ರಿಂಟ್ ಪದದ ಮುಂದೆ ಬ್ರಾಕೆಟ್ ಇಲ್ಲ ತಾನೆ? ಹಾಗಿದ್ದರೆ ಅದು ಪೈಥಾನ್ 2ರ ಪುಸ್ತಕ. ಆ ಕಾಲದಲ್ಲಿ ರೀಲೋಡ್ ಅನ್ನುವುದು ಭಾಷೆಯೊಳಗೇ ಇತ್ತು, ನೇರವಾಗಿ ಕರೆಯಬಹುದಿತ್ತು. 2008ರ ಡಿಸೆಂಬರ್‌ನಲ್ಲಿ ಪೈಥಾನ್ 3 ಬಂದಾಗ ಅದನ್ನು ಇಂಪ್ ಅನ್ನುವ ಮಾಡ್ಯೂಲಿಗೆ ಸಾಗಿಸಿದರು. 2014ರಲ್ಲಿ 3.4 ಬಂದಾಗ ಇಂಪೋರ್ಟ್‌ಲಿಬ್ ಅನ್ನುವ ಮಾಡ್ಯೂಲಿಗೆ ಮನೆ ಬದಲಾಯಿಸಿತು. 2023ರ 3.12ರಲ್ಲಿ ಹಳೇ ಇಂಪ್ ಅನ್ನೇ ಕಿತ್ತುಹಾಕಿದರು. ಹಾಗಾಗಿ ಹಳೇ ಪುಸ್ತಕ, ಹಳೇ ವಿಡಿಯೊ ನೋಡಿದವರಿಗೆಲ್ಲ ಈಗ ಎರರ್ ಬರುತ್ತದೆ. ಇವತ್ತು ಬರೆಯಬೇಕಾದ್ದು ಹೀಗೆ:

ಇಂಪೋರ್ಟ್ ಇಂಪೋರ್ಟ್‌ಲಿಬ್
ಇಂಪೋರ್ಟ್‌ಲಿಬ್.ರೀಲೋಡ್(ಹಾಲು)
ಹಾಲು.ಬೆಲೆ(10)

ಈಗ 400 ಬರುತ್ತದೆ. ಹಾಲು ಅನ್ನುವುದಕ್ಕೆ ಉದ್ಧರಣ ಚಿಹ್ನೆ ಹಾಕಬೇಡಿ. ರೀಲೋಡ್‌ಗೆ ಬೇಕಾದ್ದು ಮಾಡ್ಯೂಲು, ಅದರ ಹೆಸರಿನ ಅಕ್ಷರಗಳಲ್ಲ. ಚಿಹ್ನೆ ಹಾಕಿದರೆ ಟೈಪ್‌ಎರರ್ ಬರುತ್ತದೆ. ಮೊದಲು ಒಂದು ಸಲ ಇಂಪೋರ್ಟ್ ಆಗಿರಲೇಬೇಕು ಅನ್ನುವುದೂ ನೆನಪಿರಲಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ನೀವು ಖುಷಿಯಾಗಿ ಹೋಗುತ್ತಿದ್ದಿರಿ. ಎರಡು ವಾರ ಬಿಟ್ಟು ಮತ್ತೆ ಪತ್ರ ಬರೆಯುತ್ತಿದ್ದಿರಿ. ಯಾಕೆಂದರೆ ರೀಲೋಡ್ ಹಳೇ ಬೋರ್ಡನ್ನು ಕಿತ್ತು ಹೊಸದನ್ನು ನೇತುಹಾಕುವುದಿಲ್ಲ. ಅದೇ ಬೋರ್ಡಿನ ಮೇಲೆ ಹೊಸ ಸಾಲುಗಳನ್ನು ಬರೆಯುತ್ತದೆ. ಡಸ್ಟರ್ ಮುಟ್ಟುವುದೇ ಇಲ್ಲ. ಇದರಿಂದ ಆಗುವ ತಮಾಷೆಗಳು ಒಂದೆರಡಲ್ಲ.

ಉದಾಹರಣೆಗೆ, 'ಬೆಲೆ' ಅನ್ನುವ ಹೆಸರು ಸರಿ ಇಲ್ಲ ಅನ್ನಿಸಿ ಫಂಕ್ಷನ್ನಿನ ಹೆಸರನ್ನು 'ಬಟವಾಡೆ' ಅಂತ ಬದಲಾಯಿಸಿದಿರಿ ಅನ್ನಿ. ರೀಲೋಡ್ ಮಾಡಿದಿರಿ. ಬಟವಾಡೆ ಸಿಗುತ್ತದೆ. ಆದರೆ ಬೆಲೆಯೂ ಸಿಗುತ್ತದೆ! ಫೈಲಿನಲ್ಲಿ ಅದರ ಹೆಸರೇ ಇಲ್ಲ, ಹುಡುಕಿದರೂ ಸಿಗುವುದಿಲ್ಲ, ಆದರೆ ಶೆಲ್ಲಿನಲ್ಲಿ ಕರೆದರೆ ಉತ್ತರ ಕೊಡುತ್ತದೆ. ಇದನ್ನು ನಾನು ಪಾಠ ಮಾಡುವಾಗ ದೆವ್ವದ ಫಂಕ್ಷನ್ ಅಂತ ಕರೆಯುತ್ತೇನೆ. ನಿಮ್ಮ ಕೋಡಿನ ಬೇರೆ ಯಾವುದೋ ಮೂಲೆಯಲ್ಲಿ ಇನ್ನೂ 'ಬೆಲೆ' ಅಂತಲೇ ಕರೆದಿದ್ದರೆ ಅದು ಇವತ್ತೆಲ್ಲ ಚೆನ್ನಾಗಿಯೇ ನಡೆಯುತ್ತದೆ. ನಾಳೆ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿ ಓಡಿಸಿದರೆ ಎರರ್. ನಿನ್ನೆ ರಾತ್ರಿ ಸರಿ ಇದ್ದದ್ದು ಇವತ್ತು ಹೇಗೆ ಕೆಟ್ಟಿತು ಅಂತ ತಲೆ ಕೆರೆದುಕೊಳ್ಳುತ್ತೀರಿ. ಅದು ನಿನ್ನೆ ರಾತ್ರಿಯೇ ಕೆಟ್ಟಿತ್ತು. ದೆವ್ವ ಅದನ್ನು ಮುಚ್ಚಿಟ್ಟಿತ್ತು.

ಇನ್ನೊಂದು, ಎಲ್ಲಕ್ಕಿಂತ ಜಾಸ್ತಿ ಜನ ಬೀಳುವ ಗುಂಡಿ. ಪ್ರತಿ ಸಲ 'ಹಾಲು.ಬೆಲೆ' ಅಂತ ಹೊಡೆಯುವುದು ಬೇಜಾರು ಅಂತ ಕೆಲವರು ಹೀಗೆ ಬರೆಯುತ್ತಾರೆ:

ಫ್ರಮ್ ಹಾಲು ಇಂಪೋರ್ಟ್ ಬೆಲೆ

ಆಗ ಬರಿ ಬೆಲೆ(10) ಅಂದರೆ ಸಾಕು. ಆದರೆ ಇದರ ಅರ್ಥ ಏನು ಗೊತ್ತಾ? ಒಬ್ಬ ರೈತ ಬೋರ್ಡು ನೋಡಿ, ದರವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡ. ನಾಳೆ ನೀವು ಬೋರ್ಡು ಎಷ್ಟು ಸಲ ತಿದ್ದಿದರೂ ಜೇಬಿನ ಚೀಟಿ ಬದಲಾಗುವುದಿಲ್ಲ. ರೀಲೋಡ್ ತಿದ್ದುವುದು ಬೋರ್ಡನ್ನು ಮಾತ್ರ. ಯಾರ ಯಾರ ಜೇಬಿನಲ್ಲಿ ಚೀಟಿ ಇದೆ ಅಂತ ಅದಕ್ಕೆ ಗೊತ್ತೂ ಇಲ್ಲ. ರೀಲೋಡ್ ಆದ ಮೇಲೆ ಆ ಫ್ರಮ್ ಸಾಲನ್ನು ಇನ್ನೊಂದು ಸಲ ಹೊಡೆದರೆ ಹೊಸ ಚೀಟಿ ಸಿಗುತ್ತದೆ.

ಇದರಲ್ಲಿ ಇನ್ನೂ ಒಂದು ಮಜಾ ಇದೆ. ಬರಿ ಫ್ರಮ್ ಸಾಲು ಬರೆದಾಗ 'ಹಾಲು' ಅನ್ನುವ ಹೆಸರು ನಿಮ್ಮ ಶೆಲ್ಲಿಗೆ ಬಂದೇ ಇರುವುದಿಲ್ಲ. ಅದಕ್ಕೇ ರೀಲೋಡ್(ಹಾಲು) ಅಂದರೆ ನೇಮ್‌ಎರರ್. ಓಹೋ ಇಂಪೋರ್ಟ್ ಆಗಿಲ್ಲ ಅಂತ ನೀವು ಇಂಪೋರ್ಟ್ ಹಾಲು ಹೊಡೆಯುತ್ತೀರಿ. ರೀಲೋಡ್ ಮಾಡುತ್ತೀರಿ. ಯಾವ ಎರರ್ರೂ ಇಲ್ಲ. ಬೆಲೆ(10) ಅಂತ ಕೇಳುತ್ತೀರಿ. 350. ಎಲ್ಲ ಸರಿಯಾಗಿಯೇ ಮಾಡಿದ್ದೀರಿ, ಆದರೆ ಕೇಳಿದ್ದು ಜೇಬಿನ ಚೀಟಿಯನ್ನು. ಕಲಿಯುವ ದಿನಗಳಲ್ಲಿ ಫ್ರಮ್ ಬಳಸಬೇಡಿ ಅಂತ ನಾನು ಹೇಳುವುದು ಇದಕ್ಕೇ. ನಾಲ್ಕು ಅಕ್ಷರ ಜಾಸ್ತಿ ಹೊಡೆದರೆ ಏನೂ ಕಳೆದುಕೊಳ್ಳುವುದಿಲ್ಲ.

ಕ್ಲಾಸ್ (ಒಂದೇ ಬಗೆಯ ವಸ್ತುಗಳನ್ನು ಮಾಡುವ ಅಚ್ಚು; ಆ ವಸ್ತುಗಳೇ ಆಬ್ಜೆಕ್ಟುಗಳು) ಬರೆಯಲು ಶುರು ಮಾಡಿದ ಮೇಲೆ ಕಷ್ಟ ಇನ್ನೂ ಹೆಚ್ಚು. ನನಗೆ ಆದದ್ದನ್ನೇ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದೊಡ್ಡ ಡೇಟಾ ಲೋಡ್ ಮಾಡಿ, ಸಾವಿರಾರು ಗ್ರಾಹಕರ ಆಬ್ಜೆಕ್ಟುಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಕ್ಲಾಸಿನಲ್ಲಿ ಒಂದು ಸಣ್ಣ ತಪ್ಪು ಕಂಡಿತು. ತಿದ್ದಿ ರೀಲೋಡ್ ಮಾಡಿದೆ. ಆಮೇಲೆ 'ಇದು ಗ್ರಾಹಕನಾ?' ಅಂತ ಇಸ್‌ಇನ್ಸ್‌ಟೆನ್ಸ್ ಹಾಕಿ ಕೇಳಿದರೆ ಎಲ್ಲದಕ್ಕೂ ಫಾಲ್ಸ್! ಪ್ರಿಂಟ್ ಮಾಡಿ ನೋಡಿದರೆ ಕ್ಲಾಸಿನ ಹೆಸರು ಅದೇ ಇದೆ. ಮಧ್ಯಾಹ್ನದಿಂದ ಸಂಜೆವರೆಗೆ ಡೇಟಾವನ್ನೇ ಬೈಯುತ್ತಾ ಕೂತಿದ್ದೆ. ಆದದ್ದಿಷ್ಟು. ರೀಲೋಡ್ ಆದಾಗ ಅದೇ ಹೆಸರಿನ ಹೊಸ ಕ್ಲಾಸ್ ಹುಟ್ಟಿತ್ತು. ಮೊದಲೇ ಮಾಡಿದ್ದ ಆಬ್ಜೆಕ್ಟುಗಳೆಲ್ಲ ಹಳೇ ಕ್ಲಾಸಿನ ಮಕ್ಕಳಾಗಿಯೇ ಉಳಿದಿದ್ದವು. ಹೆಸರು ಒಂದೇ, ಮನೆತನ ಬೇರೆ. ನಾನು ತಿದ್ದಿದ ತಪ್ಪೂ ಆ ಹಳೇ ಆಬ್ಜೆಕ್ಟುಗಳಲ್ಲಿ ಹಾಗೇ ಇತ್ತು.

ಒಂದು ಮಾಡ್ಯೂಲು ಇನ್ನೊಂದನ್ನು ಇಂಪೋರ್ಟ್ ಮಾಡಿದ್ದರೆ ರೀಲೋಡ್ ಅಲ್ಲಿಗೆ ಇಳಿಯುವುದಿಲ್ಲ. ನಾಳೆ ನೀವು ದರಗಳನ್ನೆಲ್ಲ 'ದರ' ಅನ್ನುವ ಬೇರೆ ಫೈಲಿಗೆ ಹಾಕಿ, ಹಾಲು ಫೈಲಿನಿಂದ ಅದನ್ನು ಇಂಪೋರ್ಟ್ ಮಾಡುತ್ತೀರಿ ಅನ್ನಿ. ದರ ತಿದ್ದಿ ಹಾಲನ್ನು ರೀಲೋಡ್ ಮಾಡಿದರೆ ಪ್ರಯೋಜನ ಇಲ್ಲ. ಹಾಲು ಫೈಲು ಮತ್ತೆ ಓಡುತ್ತದೆ, ಅದರೊಳಗಿನ ಇಂಪೋರ್ಟ್ ದರ ಸಾಲೂ ಓಡುತ್ತದೆ, ಆದರೆ ಆ ಸಾಲು ಮತ್ತೆ ಸಿಸ್.ಮಾಡ್ಯೂಲ್ಸ್ ಪಟ್ಟಿ ನೋಡಿ ಹಳೇ ದರವನ್ನೇ ತಂದುಕೊಡುತ್ತದೆ. ಮೊದಲು ದರವನ್ನೇ ರೀಲೋಡ್ ಮಾಡಬೇಕು.

ಇನ್ನು ಫೈಲಿನ ಮೇಲ್ಭಾಗದಲ್ಲಿ ರೈತರು ಅಂತ ಒಂದು ಖಾಲಿ ಪಟ್ಟಿ ಇಟ್ಟು, ಶೆಲ್ಲಿನಲ್ಲಿ ಕೂತು ಅದಕ್ಕೆ ಐವತ್ತು ಹೆಸರು ತುಂಬಿಸಿದ್ದೀರಿ ಅನ್ನಿ. ರೀಲೋಡ್ ಮಾಡಿದ ಕ್ಷಣ ಪಟ್ಟಿ ಮತ್ತೆ ಖಾಲಿ, ಯಾಕೆಂದರೆ 'ಖಾಲಿ ಪಟ್ಟಿ ಮಾಡು' ಅನ್ನುವ ಸಾಲು ಮತ್ತೆ ಓಡಿತಲ್ಲ. ಇದಕ್ಕೆ ಒಂದು ಹಳೇ ಉಪಾಯ ಇದೆ. ಟ್ರೈ (ಎರರ್ ಬಂದರೆ ನಿಲ್ಲದೆ ಏನು ಮಾಡಬೇಕು ಅಂತ ಹೇಳಲು ಬಿಡುವ ಪದ) ಒಳಗೆ ಆ ಹೆಸರನ್ನು ಸುಮ್ನೆ ಒಂದು ಸಲ ಬರೆಯಿರಿ, ನೇಮ್‌ಎರರ್ ಬಂದರೆ ಮಾತ್ರ ಖಾಲಿ ಪಟ್ಟಿ ಮಾಡಿ. ನೇಮ್‌ಎರರ್ ಅಂತ ಹೊಡೆಯುವಾಗ ಮಾತ್ರ ನೇಮ್ ಮತ್ತು ಎರರ್ ಎರಡರ ಮೊದಲ ಅಕ್ಷರವೂ ದೊಡ್ಡದಿರಲಿ. ರೀಲೋಡ್ ಹಳೇ ಹೆಸರುಗಳನ್ನು ಅಳಿಸುವುದಿಲ್ಲ ಅನ್ನುವ ಗುಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೆವ್ವಕ್ಕೂ ಒಂದು ಕೆಲಸ ಸಿಕ್ಕಿತು ನೋಡಿ.

ತಿದ್ದಿದ ಫೈಲಿನಲ್ಲೇ ತಪ್ಪಿದ್ದರೆ? ಸಿಂಟ್ಯಾಕ್ಸ್, ಅಂದರೆ ಭಾಷೆಯ ವ್ಯಾಕರಣ, ತಪ್ಪಾದರೆ ಪೈಥಾನ್ ಒಂದು ಸಾಲೂ ಓಡಿಸುವುದಿಲ್ಲ, ಹಳೇ ಮಾಡ್ಯೂಲು ಹಾಗೇ ಉಳಿಯುತ್ತದೆ. ಆದರೆ ಓಡುತ್ತಾ ಓಡುತ್ತಾ ಮಧ್ಯದಲ್ಲಿ ಎರರ್ ಬಂದರೆ ಅಲ್ಲಿಯವರೆಗಿನದು ಹೊಸದು, ಮುಂದಿನದು ಹಳೇದು. ಅರ್ಧ ತೊಳೆದ ಪಾತ್ರೆ.

ಒಂದು ವಿಷಯವನ್ನು ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಎರರ್ ಬಂದಾಗ, ಅದು ಎಲ್ಲಿ ಆಯಿತು ಅಂತ ತೋರಿಸಲು ಬರುವ ಟ್ರೇಸ್‌ಬ್ಯಾಕ್ ಕೂಡ ಈ ಗೊಂದಲದಲ್ಲಿ ದಾರಿ ತಪ್ಪಿಸುತ್ತದೆ. ಮೆಮೊರಿಯಲ್ಲಿರುವ ಕೋಡಿಗೆ ತಾನು ಎಷ್ಟನೇ ಸಾಲು ಅನ್ನುವುದಷ್ಟೇ ಗೊತ್ತು. ಆ ಸಾಲಿನಲ್ಲಿ ಏನು ಬರೆದಿದೆ ಅಂತ ತೋರಿಸಲು ಪೈಥಾನ್ ಆ ಹೊತ್ತಿಗೆ ಡಿಸ್ಕಿನಲ್ಲಿರುವ ಫೈಲನ್ನು ತೆಗೆದು ನೋಡುತ್ತದೆ. ನೀವು ಮಧ್ಯೆ ಮೂರು ಸಾಲು ಸೇರಿಸಿ, ರೀಲೋಡ್ ಮಾಡದೆ ಓಡಿಸಿದರೆ? ತಪ್ಪು ನಡೆದಿದ್ದು ಹಳೇ ಕೋಡಿನ 12ನೇ ಸಾಲಿನಲ್ಲಿ, ತೋರಿಸುವುದು ಹೊಸ ಫೈಲಿನ 12ನೇ ಸಾಲನ್ನು. ಅಲ್ಲಿ ಬರಿ ಕಾಮೆಂಟ್ ಇರಬಹುದು, ಖಾಲಿ ಸಾಲೂ ಇರಬಹುದು. ಕಾಮೆಂಟಿನಲ್ಲಿ ಎರರ್ ಬಂದ ಹಾಗೆ ಕಂಡರೆ ಹೆದರಬೇಡಿ. ನೀವು ಹಳೇ ಕೋಡಿನ ಜೊತೆ ಮಾತಾಡುತ್ತಿದ್ದೀರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ.

ಮುಂದೆ ನೀವು ಜುಪಿಟರ್ ನೋಟ್‌ಬುಕ್ಕಿಗೆ (ಕೋಡನ್ನು ಸೆಲ್ ಅನ್ನುವ ತುಂಡುಗಳಾಗಿ ಬರೆದು ಓಡಿಸುವ ಸಾಧನ) ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಅದರ ತಾಯಿ ಬೇರು ಐಪೈಥಾನ್, 2001ರಲ್ಲಿ ಫರ್ನಾಂಡೊ ಪೆರೆಸ್ ಶುರು ಮಾಡಿದ್ದು. ಅದರಲ್ಲಿ ಆಟೋರೀಲೋಡ್ ಅನ್ನುವ ಸೌಲಭ್ಯ ಇದೆ. ಮೊದಲ ಸೆಲ್ಲಿನಲ್ಲಿ ಈ ಎರಡು ಸಾಲು ಹಾಕಿದರೆ ಸಾಕು (ಎಕ್ಸ್ಟ್ ಅಂದರೆ ಇ, ಎಕ್ಸ್, ಟಿ ಮೂರೇ ಅಕ್ಷರ):

%ಲೋಡ್_ಎಕ್ಸ್ಟ್ ಆಟೋರೀಲೋಡ್
%ಆಟೋರೀಲೋಡ್ 2

ಆಮೇಲೆ ನೀವು ಏನೇ ಓಡಿಸಿದರೂ ಅದಕ್ಕೆ ಮೊದಲು ಯಾವ ಫೈಲು ಬದಲಾಗಿದೆ ಅಂತ ಅದೇ ನೋಡಿ ರೀಲೋಡ್ ಮಾಡುತ್ತದೆ. ಬರಿ ಬೋರ್ಡು ತಿದ್ದುವುದಲ್ಲ, ಜೇಬುಗಳಲ್ಲಿರುವ ಚೀಟಿಗಳನ್ನೂ ಹುಡುಕಿ ಆದಷ್ಟು ತಿದ್ದುತ್ತದೆ. ಹಳೇ ಫಂಕ್ಷನ್ನಿನ ಒಳಗಿನ ಕೋಡನ್ನೇ ತೆಗೆದು ಹೊಸದನ್ನು ಹಾಕಿಬಿಡುತ್ತದೆ. ಚೆನ್ನಾಗಿದೆ, ನಾನೂ ದಿನಾ ಬಳಸುತ್ತೇನೆ. ಆದರೆ ಅದು 'ಆದಷ್ಟು' ಮಾತ್ರ. ಖಾಲಿಯಾಗುವ ಪಟ್ಟಿಯ ತೊಂದರೆ ಇಲ್ಲೂ ಇದ್ದೇ ಇದೆ. ಸಿ ಭಾಷೆಯಲ್ಲಿ ಬರೆದ ಲೈಬ್ರರಿಗಳನ್ನು ಅದು ಬದಲಾಯಿಸಲಾರದು. ಉತ್ತರ ವಿಚಿತ್ರವಾಗಿ ಕಂಡ ಕೂಡಲೇ ಕರ್ನಲ್ (ಹಿಂದೆ ಓಡುತ್ತಿರುವ ಪೈಥಾನ್) ರೀಸ್ಟಾರ್ಟ್ ಮಾಡಿ, ಎಲ್ಲ ಸೆಲ್ಲುಗಳನ್ನೂ ಮೇಲಿನಿಂದ ಓಡಿಸಿ. ಅದಕ್ಕೆ ಮೆನುವಿನಲ್ಲೇ ಗುಂಡಿ ಇದೆ.

ದೊಡ್ಡ ದೊಡ್ಡ ಪ್ರೋಗ್ರಾಮರ್‌ಗಳು ಏನು ಮಾಡುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಜಾಂಗೋ ಅಂತ ವೆಬ್‌ಸೈಟ್ ಕಟ್ಟುವ ಸಾಧನ ಇದೆ, ಪೈಥಾನಿನಲ್ಲೇ ಬರೆದದ್ದು. ಅದರಲ್ಲಿ ಕೋಡು ಬರೆಯುವಾಗ ಬಳಸುವ ಸರ್ವರ್ ಓಡುತ್ತಿರುವಾಗ ನೀವು ಫೈಲ್ ತಿದ್ದಿ ಸೇವ್ ಮಾಡಿದರೆ ತಾನಾಗಿಯೇ ಹೊಸ ಕೋಡು ಬರುತ್ತದೆ. ನೋಡಿದವರು ಒಳಗೆ ಏನೋ ಜಾಣ ರೀಲೋಡ್ ಇದೆ ಅಂದುಕೊಳ್ಳುತ್ತಾರೆ. ಇಲ್ಲ. ಫೈಲು ಬದಲಾದದ್ದು ಕಂಡ ಕೂಡಲೇ ಅದು ಇಡೀ ಪ್ರೋಗ್ರಾಮನ್ನೇ ನಿಲ್ಲಿಸಿ ಹೊಸದಾಗಿ ಶುರು ಮಾಡುತ್ತದೆ. ನೀವು ಕೈಯಲ್ಲಿ ಮಾಡುತ್ತಿರುವುದನ್ನೇ ಅದು ತಾನಾಗಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಓಡುತ್ತಿರುವಾಗಲೇ ಕೋಡು ಬದಲಾಯಿಸುವುದನ್ನು ನಿಜವಾಗಿ ಪಳಗಿಸಿದ ಭಾಷೆಗಳಲ್ಲಿ ಎರ್ಲಾಂಗ್ ಒಂದು. ಎರಿಕ್ಸನ್ ಕಂಪನಿಯವರು ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಅಂತ ಮಾಡಿದ್ದು. ಕರೆಗಳು ನಡೆಯುತ್ತಿರುವಾಗ ಎಕ್ಸ್‌ಚೇಂಜ್ ನಿಲ್ಲಿಸಲು ಆಗುತ್ತಾ? ಅದಕ್ಕೇ ಅಲ್ಲಿ ಒಂದು ಮಾಡ್ಯೂಲಿನ ಹಳೇದು, ಹೊಸದು ಎರಡೂ ಪ್ರತಿಗಳು ಒಟ್ಟಿಗೆ ಇರಲು ಭಾಷೆಯಲ್ಲೇ ವ್ಯವಸ್ಥೆ ಮಾಡಿದರು. ಪೈಥಾನನ್ನು ಆ ಲೆಕ್ಕದಲ್ಲಿ ಕಟ್ಟಿಲ್ಲ. ಇಲ್ಲಿ ರೀಲೋಡ್ ಒಂದು ಅನುಕೂಲ, ಅಷ್ಟೆ.

ಹಾಗಾದರೆ ನೀವು ದಿನಾ ಏನು ಮಾಡಬೇಕು? ಐಡಲ್ (ಪೈಥಾನಿನ ಜೊತೆ ಬರುವ ಎಡಿಟರ್) ಬಳಸುತ್ತಿದ್ದರೆ ಶೆಲ್ಲಿನಲ್ಲಿ ಇಂಪೋರ್ಟ್ ಮಾಡುವುದನ್ನೇ ಬಿಡಿ. ಹಾಲು ಫೈಲು ತೆರೆದಿರುವ ಕಿಟಕಿಯಲ್ಲಿ ಎಫ್5 ಒತ್ತಿ. ಅದು ಸೇವ್ ಮಾಡಲು ಕೇಳುತ್ತದೆ, ಶೆಲ್ಲನ್ನು ಪೂರ್ತಿ ಹೊಸದಾಗಿ ಶುರು ಮಾಡುತ್ತದೆ, ಫೈಲನ್ನು ಓಡಿಸುತ್ತದೆ. ರೀಸ್ಟಾರ್ಟ್ ಅಂತ ಒಂದು ಸಾಲು ಕಾಣುತ್ತದೆ. ಆಮೇಲೆ ನೇರವಾಗಿ ಬೆಲೆ(10) ಅಂತ ಕೇಳಿ. ದೆವ್ವ ಇಲ್ಲ, ಚೀಟಿ ಇಲ್ಲ. ಟರ್ಮಿನಲ್ಲಿನಲ್ಲಿ ಕೆಲಸ ಮಾಡುವವರಿಗೆ ಇದೇ ಕೆಲಸವನ್ನು ಪೈಥಾನ್ ಅಂತ ಬರೆದು, ಅಡ್ಡಗೆರೆ ಐ ಹಾಕಿ, ಫೈಲಿನ ಹೆಸರು ಕೊಟ್ಟರೆ ಸಿಗುತ್ತದೆ. ಫೈಲು ಓಡಿ ಮುಗಿದ ಮೇಲೂ ಶೆಲ್ ತೆರೆದೇ ಇರುತ್ತದೆ.

ಶೆಲ್ ಮುಚ್ಚಿದರೆ ಹೊಡೆದ ಸಾಲುಗಳೆಲ್ಲ ಮತ್ತೆ ಹೊಡೆಯಬೇಕಲ್ಲ ಅನ್ನುವುದೇ ನಿಮ್ಮ ನಿಜವಾದ ಬೇಜಾರು ಅಂತ ನನ್ನ ಊಹೆ. ಅದಕ್ಕೆ ಮದ್ದು ರೀಲೋಡ್ ಅಲ್ಲ. ಆ ಸಾಲುಗಳನ್ನು ಇನ್ನೊಂದು ಫೈಲಿನಲ್ಲಿ ಬರೆಯಿರಿ. 'ಪರೀಕ್ಷೆ' ಅಂತ ಹೆಸರಿಡಿ. ಅದರಲ್ಲಿ ಹಾಲನ್ನು ಇಂಪೋರ್ಟ್ ಮಾಡಿ, 10 ಲೀಟರಿಗೆ ಎಷ್ಟು, ಅರ್ಧ ಲೀಟರಿಗೆ ಎಷ್ಟು, ಸೊನ್ನೆ ಲೀಟರಿಗೆ ಎಷ್ಟು ಅಂತ ಪ್ರಿಂಟ್ ಮಾಡಿ. ಹಾಲು ಫೈಲನ್ನು ತಿದ್ದಿ, ಸೇವ್ ಮಾಡಿ, ಪರೀಕ್ಷೆಯನ್ನು ಓಡಿಸಿ. ಪ್ರತಿ ಸಲ ಹೊಸ ಪೈಥಾನ್, ಹೊಸ ಬೋರ್ಡು. ಒಂದು ಸೆಕೆಂಡೂ ಹಿಡಿಯುವುದಿಲ್ಲ. ನಿನ್ನೆ ಸರಿ ಇದ್ದ ಲೆಕ್ಕ ಇವತ್ತಿನ ತಿದ್ದುಪಡಿಯಿಂದ ಕೆಟ್ಟಿತಾ ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ರೀಲೋಡ್ ಯಾವಾಗ ಬೇಕು ಅಂದರೆ, ಮುಚ್ಚುವುದು ದುಬಾರಿಯಾದಾಗ. ಲೋಡ್ ಆಗಲು ಐದು ನಿಮಿಷ ಹಿಡಿಯುವ ಡೇಟಾ ಮೆಮೊರಿಯಲ್ಲಿದೆ ಅಂದಾಗ. ಅಥವಾ 3ಡಿ ಚಿತ್ರ ಮಾಡುವ ಬ್ಲೆಂಡರಿನಂಥ ಸಾಫ್ಟ್‌ವೇರಿನ ಒಳಗೇ ಪೈಥಾನ್ ಓಡುತ್ತಿದ್ದು, ಮುಚ್ಚಿದರೆ ಎದುರಿಗಿರುವ ಚಿತ್ರವೆಲ್ಲ ಮತ್ತೆ ತೆರೆಯಬೇಕು ಅಂದಾಗ. ನಿಮ್ಮ ಡೇರಿ ಲೆಕ್ಕಕ್ಕೆ ಸದ್ಯಕ್ಕೆ ಆ ಪರಿಸ್ಥಿತಿ ಇಲ್ಲ.

ಎಲ್ಲ ಸರಿಯಾಗಿ ಮಾಡಿಯೂ 350 ಬಂದರೆ ಎರಡು ಕಡೆ ನೋಡಿ. ಒಂದು, ಸೇವ್ ಆಗಿದೆಯಾ? ವಿಎಸ್ ಕೋಡ್ ಅನ್ನುವ ಎಡಿಟರಿನಲ್ಲಿ ಸೇವ್ ಆಗದ ಫೈಲಿನ ಟ್ಯಾಬಿನಲ್ಲಿ ಒಂದು ಚುಕ್ಕೆ ಇರುತ್ತದೆ, ಐಡಲ್‌ನಲ್ಲಿ ಕಿಟಕಿಯ ತಲೆಬರಹದ ಅಕ್ಕಪಕ್ಕ ನಕ್ಷತ್ರ ಚಿಹ್ನೆ. ನಗಬೇಡಿ, ನನ್ನ ಹತ್ತಿರ ಬರುವ ಇಂಥ ಪ್ರಶ್ನೆಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ. ಎರಡು, ನೀವು ತಿದ್ದುತ್ತಿರುವ ಫೈಲೂ ಪೈಥಾನ್ ಓದುತ್ತಿರುವ ಫೈಲೂ ಒಂದೇನಾ? ಡೌನ್‌ಲೋಡ್ಸ್‌ನಲ್ಲಿ ಒಂದು ಪ್ರತಿ, ಡೆಸ್ಕ್‌ಟಾಪಿನಲ್ಲಿ ಒಂದು ಪ್ರತಿ ಇದ್ದರೆ ಹೀಗಾಗುತ್ತದೆ. ಹಾಲು ಅಂತ ಬರೆದು, ಡಾಟ್ ಹಾಕಿ, ಎರಡು ಅಂಡರ್‌ಸ್ಕೋರ್, ಫೈಲ್ ಅನ್ನುವ ಪದ, ಮತ್ತೆ ಎರಡು ಅಂಡರ್‌ಸ್ಕೋರ್ ಹೊಡೆಯಿರಿ. ಪೂರ್ತಿ ದಾರಿ ಕಾಣುತ್ತದೆ.

ಕನ್ನಡದ ಹೆಸರಿನ ಬಗ್ಗೆ ನಿಮ್ಮ ಗೆಳೆಯನಿಗೆ ಹೇಳಿ: 2008ರ ಪೈಥಾನ್ 3ರಿಂದಲೇ ಹೆಸರುಗಳು ಯಾವ ಲಿಪಿಯಲ್ಲಾದರೂ ಇರಬಹುದು. ಫಂಕ್ಷನ್, ವೇರಿಯಬಲ್, ಮಾಡ್ಯೂಲು ಎಲ್ಲ. ಬೆಲೆ, ಬಟವಾಡೆ ಎಲ್ಲ ನಡೆಯುತ್ತದೆ. ಒಂದೇ ಒಂದು ಎಚ್ಚರ. 'ಲೀಟರ್‌ಗೆ' ಅಂತ ಬರೆಯುವಾಗ ರ್ ಮುಂದಿನ ಅಕ್ಷರಕ್ಕೆ ಒತ್ತಾಗಿ ಸೇರದಿರಲಿ ಅಂತ ಕೀಬೋರ್ಡಿನಲ್ಲಿ ಕಾಣದ ಒಂದು ಅಕ್ಷರ ಹೊಡೆಯುತ್ತೇವಲ್ಲ, ಅದು ಹೆಸರಿನ ಮಧ್ಯೆ ಬಂದರೆ ಪೈಥಾನ್ ಒಪ್ಪುವುದಿಲ್ಲ. 'ಲೀಟರಿಗೆ' ಅಂತ ಬರೆದರೆ ತಕರಾರಿಲ್ಲ. ಕೋಡಿನೊಳಗೆ ಸಂಖ್ಯೆ ಬರೆಯುವಾಗ ಕನ್ನಡ ಅಂಕಿ ನಡೆಯುವುದಿಲ್ಲ. ಆದರೆ ಅಪ್ಪ ಟೈಪ್ ಮಾಡುವ ಕಡೆ ೧೦ ಅಂತ ಕನ್ನಡದಲ್ಲಿ ಹೊಡೆದರೂ ಅಕ್ಷರಗಳನ್ನು ಸಂಖ್ಯೆ ಮಾಡುವ ಇಂಟ್ ಫಂಕ್ಷನ್ ಅದನ್ನು 10 ಅಂತಲೇ ಓದಿಕೊಳ್ಳುತ್ತದೆ. ಒಂದು ಸಲ ಮಾಡಿ ನೋಡಿ, ಖುಷಿಯಾಗುತ್ತದೆ.

ಕೊನೆಗೆ ನೀವು ಕೇಳದ ಒಂದು ಮಾತು. 35, 5 ಈ ಅಂಕಿಗಳು ಕೋಡಿನೊಳಗೆ ಯಾಕಿವೆ? ದರ ಆಗಾಗ ಬದಲಾಗುತ್ತದೆ, ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ. ಆ ಎರಡು ಅಂಕಿಗಳನ್ನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಬೆಲೆ ಫಂಕ್ಷನ್ ಕರೆದಾಗಲೆಲ್ಲ ಆ ಫೈಲನ್ನು ತೆರೆದು ಓದುವ ಹಾಗೆ ಮಾಡಿ. ಆಗ ದರ ತಿದ್ದಿದರೆ ಇಂಪೋರ್ಟೂ ಬೇಡ, ರೀಲೋಡೂ ಬೇಡ, ಮುಂದಿನ ಲೆಕ್ಕಕ್ಕೇ ಹೊಸ ದರ ಬರುತ್ತದೆ. ಇಲ್ಲದಿದ್ದರೆ ಒಂದು ದಿನ ಹೀಗಾಗುತ್ತದೆ: ನೀವು ಮನೆಯಿಂದ ಹೊಸ ಫೈಲು ಕಳಿಸುತ್ತೀರಿ, ಅಪ್ಪ ಅದನ್ನು ಹಳೇ ಫೈಲಿನ ಜಾಗದಲ್ಲೇ ಹಾಕುತ್ತಾರೆ, ಆದರೆ ಡೇರಿಯ ಕಂಪ್ಯೂಟರಿನಲ್ಲಿ ಪೈಥಾನಿನ ಕಪ್ಪು ಕಿಟಕಿ ಸೋಮವಾರದಿಂದ ತೆರೆದೇ ಇರುತ್ತದೆ. ಅದು ಹಳೇ ದರವನ್ನೇ ಹೇಳುತ್ತಾ ಕೂತಿರುತ್ತದೆ. ಟೆಕ್ಸ್ಟ್ ಫೈಲಿನ ವ್ಯವಸ್ಥೆ ಆಗುವವರೆಗೆ, ದರ ಬದಲಾದ ದಿನ ಅಪ್ಪನಿಗೆ ಒಂದು ಫೋನ್ ಮಾಡಿ. ಹಾಲು ಅಳೆಯುವ ಮೊದಲು ಆ ಕಿಟಕಿ ಮುಚ್ಚಿ ಮತ್ತೆ ತೆರೆಯೋಕೆ ಹೇಳಿ.